ಹೂಂರಾಯರು ಊಹೂಂ ಎಂದ ದಿನ

ಎಲ್ಲ ಎಡವಟ್ಟಿಗೂ ಮೂಲ ಒಂದು ದಿಂಬು.

ತಲೆಗೆ ಇಟ್ಟುಕೊಳ್ಳುವ ದಿಂಬಲ್ಲ, ಕೆಳಗೆ ಹಾಕಿಕೊಂಡು ಕೂರುವ ದಿಂಬು. ಗುಂಡಗೆ, ಬಿಗಿಯಾಗಿ, ಕಡುನೀಲಿ ಬಣ್ಣದ್ದು. ಇದರ ಮೇಲೆ ಕೂತು ಧ್ಯಾನ ಮಾಡಿದರೆ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ ಎಂದು ಅಂಗಡಿಯವನು ಹೇಳಿದ್ದ. ಹೂಂರಾಯರು ಅದನ್ನು ಕದ್ದ ಮಾಲಿನ ಹಾಗೆ ಹಳೇ ಹೊದಿಕೆಯಲ್ಲಿ ಸುತ್ತಿ ತಂದು ಮಂಚದ ಕೆಳಗೆ ಬಚ್ಚಿಟ್ಟಿದ್ದರು. ಹೊರಡುವ ದಿನ ಬೆಳಿಗ್ಗೆ ಅವರ ಹೆಂಡತಿ, ಹೊಸ ಹತ್ತಿಯ ವಾಸನೆಯಾದರೂ ಹೋಗಲಿ ಎಂದು ಅದನ್ನು ತೆಗೆದು ಬಾಲ್ಕನಿಯ ಕಟ್ಟೆಯ ಮೇಲೆ ಬಿಸಿಲಿಗಿಟ್ಟರು. ಬಿಸಿಲೋ, ಆಗಲೇ ಇಸ್ತ್ರಿ ಪೆಟ್ಟಿಗೆಯಂತೆ ಊರಿನ ಬೆನ್ನ ಮೇಲೆ ಓಡಾಡುತ್ತಿತ್ತು. ಒಂದು ಪಾರಿವಾಳ ಬಂದು ದಿಂಬಿನ ಅಂಚಿಗೆ ಕೂತಿತು. ದಿಂಬು ಉರುಳಿತು.

ಕೆಳಗಿನ ಅಂಗಳದಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರು ಬಗ್ಗಿ ಕಾಲಿನ ಹೆಬ್ಬೆರಳು ಮುಟ್ಟುವ ಕಸರತ್ತು ಮಾಡುತ್ತಿದ್ದರು. ದಿಂಬು ಸರಿಯಾಗಿ ಅವರ ಬೆನ್ನಿನ ಮೇಲೆ ಬಿತ್ತು. ಇಷ್ಟು ವರ್ಷ ಹೆಬ್ಬೆರಳಿನಿಂದ ಒಂದು ಗೇಣು ದೂರದಲ್ಲೇ ನಿಲ್ಲುತ್ತಿದ್ದ ಅವರ ಕೈ ಅಂದು ಮೊದಲ ಸಲ ನೆಲಕ್ಕೇ ತಾಗಿತು.

ಹೂಂರಾಯರು ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಊರಿನ ದೊಡ್ಡ ಬಸ್ ನಿಲ್ದಾಣದ ಮೂಲೆಯಲ್ಲಿ ಒಂದು ಕೋಣೆಯಿದೆ. ಪ್ರಯಾಣಿಕರು ಬಸ್ಸಿನಲ್ಲಿ ಮರೆತು ಬಿಟ್ಟುಹೋದ ಸಾಮಾನೆಲ್ಲ ಅಲ್ಲಿಗೆ ಬಂದು ಸೇರುತ್ತದೆ. ಛತ್ರಿ, ಊಟದ ಡಬ್ಬಿ, ಒಂಟಿ ಚಪ್ಪಲಿ, ಕನ್ನಡಕ, ಒಮ್ಮೆ ಒಂದು ಜೊತೆ ಕಟ್ಟಿಸಿದ ಹಲ್ಲು. ರಾಯರು ಅದರ ಗುಮಾಸ್ತರು. ಛತ್ರಿ ಕೇಳಲು ಬಂದವರು ಛತ್ರಿ ಕೇಳಿ ಹೋಗುವವರಲ್ಲ. ಆ ಛತ್ರಿಯನ್ನು ಕೊಡಿಸಿದ ಅಣ್ಣನ ಕತೆ, ಅಣ್ಣನ ಹೆಂಡತಿಯ ಕತೆ, ಅವರಿಬ್ಬರೂ ಬೇರೆಯಾದ ಕತೆ, ಎಲ್ಲವನ್ನೂ ಹೇಳಿ ಮುಗಿಸಿ, ಕೊನೆಗೆ ಛತ್ರಿಯನ್ನು ಅಲ್ಲೇ ಮರೆತು ಹೋಗುತ್ತಿದ್ದರು. ರಾಯರ ಮುಖದಲ್ಲಿ ಅದೇನಿತ್ತೋ, ಅದನ್ನು ಕಂಡ ಯಾರಿಗೇ ಆಗಲಿ ಎದೆ ಬಿಚ್ಚಿಕೊಳ್ಳುತ್ತಿತ್ತು. ರಾಯರ ಕಡೆಯಿಂದ ಒಂದೇ ಉತ್ತರ, "ಹೂಂ." ಬೇಡ ಎಂದು ಹೇಳಲು ಅವರ ನಾಲಿಗೆ ಹೊರಳುತ್ತಿರಲಿಲ್ಲ. ಹಾಗಾಗಿ ಊರಿಗೆ ಊರೇ ಅವರನ್ನು ಹೂಂರಾಯರು ಎಂದು ಕರೆಯಿತು. ಅದಕ್ಕೂ ಅವರು ಹೂಂ ಅಂದರು.

ಬರಬರುತ್ತಾ ಅದು ರೋಗವಾಯಿತು. ಕುಕ್ಕರ್ ಕೂಗಿದರೆ ರಾಯರು "ಹೂಂ" ಅನ್ನುತ್ತಿದ್ದರು. ನಿದ್ದೆಯಲ್ಲೂ ಗಡಿಯಾರದ ಟಿಕ್‌ಟಿಕ್‌ಗೆ ಹೂಂಗುಟ್ಟುತ್ತಿದ್ದರು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಆದರೆ ಒಂದು ಸಂಜೆ ಕಾಲೇಜಿಗೆ ಹೋಗುವ ಮಗಳು ಬಂದು, "ಅಪ್ಪ, ಒಂದು ಕಡೆ ಮಾತ್ರ ತಲೆ ಬೋಳಿಸ್ಕೊಳ್ಲಾ?" ಎಂದಳು. ಪತ್ರಿಕೆ ಓದುತ್ತಿದ್ದ ರಾಯರು "ಹೂಂ" ಎಂದರು. ಮರುದಿನ ಎಡಗಡೆಯಿಂದ ಮಗಳಂತೆಯೂ ಬಲಗಡೆಯಿಂದ ಹಂಡೆಯಂತೆಯೂ ಕಾಣುವ ಒಂದು ಪ್ರಾಣಿ ಮನೆಯೊಳಗೆ ಬಂದಾಗ ರಾಯರು ಕೂತಲ್ಲೇ ಬೆವರಿದರು. ಅಂದು ಹೆಂಡತಿ ಬೈಯಲಿಲ್ಲ, ಅತ್ತರು. "ಊರೋರ ಮಾತೆಲ್ಲ ತುಂಬ್ಕೊಂಡು ನಿಮ್ಮ ಕಿವೀಲಿ ಜಾಗಾನೇ ಇಲ್ಲ ಕಣ್ರೀ. ನಮ್ಮ ಮಾತು ಎಲ್ಲಿ ಕೂರಬೇಕು?"

ಆ ಮಾತು ಮಾತ್ರ ಕಿವಿಯೊಳಗೆ ಹೋಯಿತು. ಹೋಗಿ ನೆಟ್ಟಗೆ ಎದೆಗೆ ಇಳಿಯಿತು.

ಗುಡ್ಡದ ಮೇಲಿನ ಧ್ಯಾನ ಕುಟೀರದ ವಿಷಯ ಹುಡುಕಿ ತೆಗೆದವರು ಹೆಂಡತಿಯೇ. ಅಲ್ಲಿಗೆ ಹೋದವರು ಇರುವಷ್ಟು ದಿನವೂ ಸಂಪೂರ್ಣ ಮೌನ ಪಾಲಿಸಬೇಕು. ರಾಯರು ಫೋನ್ ಮಾಡಿದಾಗ, ಊರಿನಲ್ಲಿರುವ ಕುಟೀರದ ಕಚೇರಿಯಲ್ಲಿ ಕೂತ ಹುಡುಗಿ ಅನುಮಾನಿಸುತ್ತಾ ಕೇಳಿದಳು. "ಸಾರ್, ಚಳಿಗಾಲದಲ್ಲಾದ್ರೆ ಜಾತ್ರೆ ಥರ ಜನ ಬರ್ತಾರೆ. ಈ ಬೇಸಿಗೇಲಿ ಯಾರೂ ಬರಲ್ಲ. ನೀವೊಬ್ರೇ ಇರಬೇಕಾಗುತ್ತೆ. ಪರವಾಗಿಲ್ವಾ?" ರಾಯರು ಜೀವಮಾನದಲ್ಲೇ ಮೊದಲ ಸಲ ಮನಸಾರೆ "ಹೂಂ" ಎಂದರು.

ವಿಷಯ ಹೊರಗೆ ಬಿದ್ದರೆ ಯಾರಾದರೂ ಅಂಟಿಕೊಳ್ಳುತ್ತಾರೆಂದು ಗಂಡ ಹೆಂಡಿರು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಆದರೆ ದಿಂಬು ಹೊರಗೆ ಬಿದ್ದಿತ್ತು.

ಡ್ರಿಲ್ ಮೇಷ್ಟ್ರು ಅದನ್ನು ಕಂಕುಳಲ್ಲಿ ಅವುಚಿಕೊಂಡು ದಡದಡ ಮೆಟ್ಟಿಲು ಹತ್ತಿ ಬಂದರು. ಅವರು ಮಾತಾಡಿದರೆ ಮೈದಾನದ ಆ ತುದಿಯವರೆಗೆ ಕೇಳಬೇಕು ಎಂಬ ಲೆಕ್ಕದಲ್ಲೇ ಮಾತಾಡುವುದು.

"ಏನ್ರೀ ಇದು ರಾಯರೇ, ಆಕಾಶದಿಂದ ಬಿತ್ತಲ್ಲ!"

"ಅದು... ಕೂರೋಕೆ..."

"ಧ್ಯಾನದ ದಿಂಬು! ನನಗೆ ಗೊತ್ತಿಲ್ವಾ? ಎಲ್ಲಿ, ಆ ಗುಡ್ಡದ ಮೇಲಿನ ಕುಟೀರಕ್ಕಾ? ಇವತ್ತೇ ಹೊರಟ್ರಾ? ಒಬ್ರೇನಾ?"

ಪ್ರಶ್ನೆಗಳು ಒಂದರ ಹಿಂದೊಂದು ಸಾಲಾಗಿ ನಿಂತುಬಿಟ್ಟವು. ರಾಯರು ಮೂರಕ್ಕೂ ಸೇರಿಸಿ ಒಂದು "ಹೂಂ" ಕೊಟ್ಟರು.

"ಛೆ ಛೆ, ಒಬ್ರೇ ಹೋದ್ರೆ ಶಿಸ್ತು ಇರಲ್ಲ. ಮಧ್ಯಾಹ್ನಕ್ಕೇ ಕಣ್ಣು ಎಳೆಯುತ್ತೆ, ಮಲಗಿಬಿಡ್ತೀರಿ. ನಾನಿರ್ತೀನಿ. ಬೆಳಿಗ್ಗೆ ಒಂದು ಶಿಳ್ಳೆ, ಎದ್ದು ಕೂತ್ಕೋಬೇಕು. ಇನ್ನೊಂದು ಶಿಳ್ಳೆ, ಕಣ್ಣು ಮುಚ್ಚಬೇಕು. ಬರ್ಲಾ ಹಾಗಾದ್ರೆ?"

ರಾಯರ ಬಾಯಿ ತೆರೆಯಿತು. ಒಳಗಿಂದ "ಬೇಡ" ಎಂಬ ಮಾತು ಹೊರಟಿದ್ದೇನೋ ನಿಜ. ಆದರೆ ಗಂಟಲಿನ ತಿರುವಿನಲ್ಲಿ ಹಳೇ ಅಭ್ಯಾಸ ಅದನ್ನು ತಡೆದು ವೇಷ ಬದಲಿಸಿ ಕಳಿಸಿತು. "ಹೂಂ."

ಅಡುಗೆಮನೆಯಲ್ಲಿ ಹೆಂಡತಿಯ ಕೈಯಿಂದ ಸೌಟು ಬಿದ್ದ ಸದ್ದಾಯಿತು.

ಎದುರು ಮನೆಯ ಬಾಗಿಲು ತೆರೆಯಿತು. ಅದು ರಾಯರ ಅತ್ತೆಯವರ ಮನೆ. ಮೇಷ್ಟ್ರ ದನಿ ಗೋಡೆ ತೂರಿಕೊಂಡು ಹೋಗಿತ್ತು. "ಏನಂದ್ರಿ ಅಳಿಯಂದ್ರೆ, ಗುಡ್ಡಕ್ಕಾ? ತಣ್ಣಗಿರುತ್ತೆ ಅಲ್ವಾ ಅಲ್ಲಿ?" ಎನ್ನುತ್ತಾ ಅವರು ಬೀಸಣಿಗೆ ಬೀಸಿಕೊಂಡೇ ಒಳಗೆ ಬಂದರು. "ಈ ಸೆಖೇಲಿ ಒಂದು ಹೊತ್ತು ನಿದ್ದೆ ಇಲ್ಲ ನಂಗೆ. ನೀವು ಪಾಪ ಸುಮ್ನೆ ಕಣ್ಮುಚ್ಕೊಂಡು ಕೂತಿದ್ರೆ ಹೊತ್ತು ಹೋಗಬೇಕಲ್ಲ? ನಾನು ಪಕ್ಕದಲ್ಲಿ ಮಾತಾಡ್ತಾ ಕೂತಿರ್ತೀನಿ. ಬರ್ಲಾ?"

ರಾಯರು ಹೆಂಡತಿಯ ಕಡೆ ನೋಡಿದರು. ಹೆಂಡತಿ ತಾಯಿಯ ಬೆನ್ನ ಹಿಂದೆ ನಿಂತು ಎರಡೂ ಕೈ ಆಡಿಸಿ, ಬೇಡ, ಬೇಡ ಎಂದು ಸನ್ನೆ ಮಾಡುತ್ತಿದ್ದರು. ರಾಯರಿಗೆ ಸನ್ನೆ ಅರ್ಥವಾಯಿತು. ನಾಲಿಗೆಗೆ ಆಗಲಿಲ್ಲ.

"ಹೂಂ."

ಬಸ್ಸು ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ. ಅಷ್ಟರೊಳಗೆ ಕೋಣೆಯ ಬೀಗದ ಕೈ ಒಪ್ಪಿಸಿ ಬರಬೇಕಾಗಿತ್ತು. ಬೆಂಕಿಯಿಂದ ತಪ್ಪಿಸಿಕೊಂಡವರ ಹಾಗೆ ರಾಯರು ನಿಲ್ದಾಣಕ್ಕೆ ಓಡಿದರು. ಅಲ್ಲಿ ಸೂಪರ್‌ವೈಸರ್ ಸಾಹೇಬರು ಕಾದಿದ್ದರು. ಹಿಂದಿನ ದಿನ ಮೇಲಧಿಕಾರಿ ರಜೆ ಮಂಜೂರು ಮಾಡಿದ್ದು ಅವರ ಕಿವಿಗೂ ಬಿದ್ದಿತ್ತು. ಅವರು ರಾಯರನ್ನು ಛತ್ರಿಗಳ ಕಪಾಟಿನ ಹಿಂದಕ್ಕೆ ಎಳೆದುಕೊಂಡು ಹೋದರು. ಕಣ್ಣು ಕೆಂಪಗಿತ್ತು.

"ಮನೇಲಿ ನನ್ನವಳು ಮಾತು ಬಿಟ್ಟಿದ್ದಾಳೆ ರಾಯರೇ. ಬಿಡಲಿ, ನೆಮ್ಮದಿ ಅಂದ್ಕೊಂಡೆ. ಮಾತು ಬಿಟ್ಟು ಪಾತ್ರೆ ಎಸೆಯೋಕೆ ಶುರು ಮಾಡಿದ್ದಾಳೆ. ನನಗೂ ರಜೆ ಉಂಟು. ನಾನೂ ಬರ್ತೀನಿ. ಮೊದಲಿಂದ ಏನೇನಾಯ್ತು ಅಂತ ಬಿಡಿಸಿ ಹೇಳ್ತೀನಿ, ನ್ಯಾಯ ಯಾರ ಕಡೆ ಇದೆ ಅಂತ ನೀವೇ ಹೇಳಿ. ಆಯ್ತಾ?"

ಆಯ್ತು ಎನ್ನಲು ರಾಯರಿಗೆ ಮನಸ್ಸಿರಲಿಲ್ಲ. ಅದಕ್ಕೇ ಬೇರೆ ಮಾತು ಹೇಳಿದರು. "ಹೂಂ."

ಹೆಂಡತಿ ಮಗಳ ಜೊತೆ ಚೀಲ, ದಿಂಬು ಹಿಡಿದುಕೊಂಡು ನಿಲ್ದಾಣಕ್ಕೆ ಬರುವ ಹೊತ್ತಿಗೆ ಒಬ್ಬರ ಮೌನಯಾತ್ರೆ ನಾಲ್ವರ ಪಿಕ್‌ನಿಕ್ ಆಗಿತ್ತು. ರಾಯರು ಒಂಟಿ ಚಪ್ಪಲಿಗಳ ರಾಶಿಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ನೋಡಿದರೆ ಅವರನ್ನೂ ಯಾರೋ ಬಸ್ಸಿನಲ್ಲಿ ಬಿಟ್ಟುಹೋದ ಹಾಗಿತ್ತು.

"ಸಾಹೇಬರಿಗೂ ಹೂಂ ಅಂದ್ರಾ?" ಹೆಂಡತಿ ಕೇಳಿದರು.

"ಹೂಂ."

"ಅಪ್ಪ," ಮಗಳು ಅಂದಳು, "ನೀವು ಹೂಂ ಬಿಡೋದೇನೂ ಬೇಡ. ಅದಕ್ಕೆ ಮುಂಚೆ ಒಂದು ಊ ಸೇರಿಸ್ಕೊಳ್ಳಿ, ಅಷ್ಟೇ. ಊ-ಹೂಂ."

"ನನ್ ಕೈಲಿ ಆಗಲ್ಲ ಪುಟ್ಟಿ."

"ಈಗ ಆಗಲ್ಲ ಅಂದ್ರಲ್ಲ, ನಂಗೆ! ಅದೇ ಅವರಿಗೂ ಅನ್ನಿ."

ಹೆಂಡತಿ ಬಾಗಿಲು ಓರೆ ಮಾಡಿದರು. "ನೋಡ್ರೀ, ಬೇಗ ಹೇಳಿ. ನಾನು ನೆರೆಮನೆಯವಳು ಅಂದ್ಕೊಳ್ಳಿ. ರಾಯರೇ, ಒಂದು ವಾರ ನಮ್ಮ ನಾಯಿ ನೋಡ್ಕೋತೀರಾ?"

"ಹೂ... ಊ... ಹೂಂ."

"ನಡುವೆ ಅಷ್ಟು ಜಾಗ ಬಿಡಬೇಡಿ, ನಾಯಿ ನುಗ್ಗಿಬಿಡುತ್ತೆ. ಒಟ್ಟಿಗೆ ಹೇಳಿ."

"ಊಹೂಂ."

"ಜೋರಾಗಿ!"

"ಊಹೂಂ!"

ಕಪಾಟಿನಲ್ಲಿದ್ದ ಊಟದ ಡಬ್ಬಿಗಳು ಕಣಕಣ ಎಂದವು. ಅದೇ ಹೊತ್ತಿಗೆ ಕೌಂಟರಿನಲ್ಲಿ ಯಾರೋ ಕೆಮ್ಮಿದರು. ರಾಯರು ಎದ್ದು ಇಣುಕಿದರು. ಹಾರ್ಮೋನಿಯಂ ಗಿರಾಕಿ.

ಈತ ಎಂದೋ ಬಸ್ಸಿನಲ್ಲಿ ಹಾರ್ಮೋನಿಯಂ ಕಳೆದುಕೊಂಡವನು. ಅದು ಸಿಕ್ಕಿಲ್ಲ. ಆದರೂ ದಿನಾ ಬರುತ್ತಿದ್ದ. ಬಂದು, ಮೊಣಕೈ ಊರಿ, ಆ ಹಾರ್ಮೋನಿಯಮ್ಮಿನಿಂದಾಗಿ ತನಗೂ ತನ್ನಣ್ಣನಿಗೂ ಹುಟ್ಟಿದ ಜಗಳವನ್ನು ಧಾರಾವಾಹಿಯಂತೆ ಹೇಳುತ್ತಿದ್ದ. ಇಂದೂ ಮೊಣಕೈ ಊರಿದ.

"ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ ಸ್ವಾಮಿ? ಹಾಂ, ನಮ್ಮತ್ತಿಗೆ ಬಾಗಿಲು ಹಾಕ್ಕೊಂಡ್ಲು ಅಂದ್ನಲ್ಲ..."

ಹಿಂದಿನಿಂದ ಮಗಳು ದಿಂಬಿನಿಂದ ರಾಯರ ಬೆನ್ನಿಗೆ ತಿವಿದಳು. ರಾಯರು ಕಣ್ಣು ಮುಚ್ಚಿದರು.

"ಊಹೂಂ."

"ಏನು ಊಹೂಂ?"

"ನಿಮ್ಮ ಹಾರ್ಮೋನಿಯಂ ಸಿಕ್ಕಿಲ್ಲ. ಸಿಕ್ಕರೆ ಫೋನ್ ಮಾಡ್ತೀವಿ. ನನಗೆ ಕತೆ ಬೇಡ."

ಹೇಳಿ ಮುಗಿಸಿ, ಸಿಡಿಲು ಬೀಳುತ್ತದೆಂದು ಕಾದರು. ಬೀಳಲಿಲ್ಲ. ಆತ ಮಿಕಿಮಿಕಿ ನೋಡಿದ. ಮೊಣಕೈ ಎತ್ತಿದ. ಆಮೇಲೆ ತಲೆತಲೆ ಚಚ್ಚಿಕೊಂಡ.

"ಅಯ್ಯೋ ಸ್ವಾಮಿ, ಮೊದಲೇ ಹೇಳಬಾರದಿತ್ತಾ! ದಿನಾ ಅಂಗಡಿ ಬಾಗಿಲು ಹಾಕಿ ಬರ್ತಿದ್ದೀನಿ. ನೀವು ಹೂಂ ಹೂಂ ಅಂತಿದ್ರಲ್ಲ, ಪಾಪ, ನಿಮಗೆ ಮುಂದೇನಾಯ್ತು ಅಂತ ಕೇಳೋ ಆಸೆ ಅಂದ್ಕೊಂಡು ಹೇಳ್ತಿದ್ದೆ. ಮೊನ್ನೆಯಿಂದ ಹೇಳೋಕೇನೂ ಉಳಿದಿಲ್ಲ. ಅತ್ತಿಗೆ ಬಾಗಿಲು ಹಾಕ್ಕೊಂಡಿದ್ದೂ ಸುಳ್ಳು!"

ಹಗುರಾದ ಹೆಜ್ಜೆ ಹಾಕುತ್ತಾ ಆತ ಹೊರಟೇಹೋದ. ರಾಯರು ಕೌಂಟರ್ ಹಿಡಿದುಕೊಂಡು ನಿಂತೇ ಇದ್ದರು. ಇಷ್ಟು ವರ್ಷ ತಾವು ದೂಡಿ ದೂಡಿ ಸೋತ ಬಾಗಿಲು ಎಳೆದರೆ ತೆರೆಯುವಂಥದ್ದು ಎಂದು ಈಗ ತಿಳಿದಂತಾಗಿತ್ತು. ಅವರ ಬೆನ್ನು, ದಿಂಬಿಲ್ಲದೆಯೇ, ನೆಟ್ಟಗಾಯಿತು.

"ನಡೀರಿ," ಎಂದರು ಹೆಂಡತಿಗೆ. "ಬಸ್ ಬಂದಿದೆಯಾ ನೋಡೋಣ."

ಪ್ಲಾಟ್‌ಫಾರಂ ಕಾದ ಬಾಣಲೆಯಂತಿತ್ತು. ಬಸ್ಸಿನ ನೆರಳಿನ ಒಂದೇ ಒಂದು ಪಟ್ಟಿಯಲ್ಲಿ ಜನ ಒತ್ತೊತ್ತಾಗಿ ನಿಂತಿದ್ದರು. ಡ್ರಿಲ್ ಮೇಷ್ಟ್ರು ಮಾತ್ರ ಬಿಸಿಲಲ್ಲೇ, ಬಿಳೀ ಚಡ್ಡಿ, ಬಿಳೀ ಬೂಟು ತೊಟ್ಟು, ಕೊರಳಲ್ಲಿ ಶಿಳ್ಳೆ ನೇತುಹಾಕಿಕೊಂಡು ಕಂಬದಂತೆ ನಿಂತಿದ್ದರು.

"ಲೇಟು!" ಎಂದು ಗುಡುಗಿದರು. "ಎಲ್ರೂ ಸಾಲಾಗಿ ನಿಂತ್ಕೊಳ್ಳಿ!" ಸಂಬಂಧವೇ ಇಲ್ಲದ ಇಬ್ಬರು ಪ್ರಯಾಣಿಕರು ಸಾಲಾಗಿ ನಿಂತರು.

ರಾಯರು ಅವರ ಮುಂದೆ ಹೋಗಿ ನಿಂತರು. "ಮೇಷ್ಟ್ರೇ, ನೀವು ಬರೋದು ಬೇಡ."

"ಬೆಳಿಗ್ಗೆ ಹೂಂ ಅಂದ್ರಿ?"

"ಈಗ ಊಹೂಂ."

"ಕಾರಣ?"

ರಾಯರು ಕಾರಣ ಹುಡುಕಿದರು. ಸಿಗಲಿಲ್ಲ. "ಕಾರಣ ಇಲ್ಲ. ಬೇಡ ಅಂದ್ರೆ ಬೇಡ."

ಮೇಷ್ಟ್ರ ಮೀಸೆ ಅದುರಿತು. "ಅಂದ್ರೆ... ಇದು ಆರ್ಡರಾ?"

"ಹೌದು, ಆರ್ಡರು."

ಬದುಕಿಡೀ ಇತರರಿಗೆ ಆಜ್ಞೆ ಮಾಡಿಯೇ ಸವೆದ ಮನುಷ್ಯ ಆತ. ತನಗೊಬ್ಬರು ಆಜ್ಞೆ ಮಾಡಲಿ ಎಂದು ಎಷ್ಟು ಕಾಲದಿಂದ ಕಾದಿದ್ದರೋ! ಅವರ ಮುಖ ಕೆಂಪಾಗಿ, ಆಮೇಲೆ ಬೆಳಗಿತು. ಹಿಮ್ಮಡಿ ಟಪ್ಪನೆ ಕೂಡಿಸಿ ಸೆಲ್ಯೂಟ್ ಹೊಡೆದರು. ಹಿಂದೆ ತಿರುಗಿ, ಎಡ-ಬಲ ಎಡ-ಬಲ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾ ಹೊರಟರು.

ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅವರಿಗೆ ಅತ್ತೆಯವರು ಎದುರಾದರು. ಎರಡು ಸೂಟ್‌ಕೇಸು, ಒಂದು ಮಡಚುವ ಕುರ್ಚಿ, ಒಂದು ಟೇಬಲ್ ಫ್ಯಾನು. ಆಟೊದವನೇ ಎಲ್ಲವನ್ನೂ ಇಳಿಸಿ ಸುಸ್ತಾಗಿ ಕುರ್ಚಿಯ ಮೇಲೆ ಕೂತಿದ್ದ.

ಹೆಂಡತಿ ಮೆಲ್ಲಗೆ, "ಅಮ್ಮನಿಗೆ ನಾನೇ ಹೇಳ್ಲಾ?" ಎಂದರು.

"ಊಹೂಂ," ಎಂದರು ರಾಯರು. ಈಗ ಅದು ತಾನಾಗಿಯೇ ಬರುತ್ತಿತ್ತು.

"ಅತ್ತೆ, ನಾನು ಒಬ್ಬನೇ ಹೋಗ್ತಿದ್ದೀನಿ. ನಿಮ್ಮನ್ನ ಕರ್ಕೊಂಡು ಹೋಗಲ್ಲ. ಬೇಜಾರು ಮಾಡ್ಕೊಂಡ್ರೂ ಸರಿ."

ಬೀಸಣಿಗೆ ನಿಂತಿತು. ಅತ್ತೆಯವರು ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ತಮ್ಮ ಮಗಳ ಕಡೆ ತಿರುಗಿದರು.

"ನಿನ್ನ ಮದುವೆ ಮಾತುಕತೆ ದಿನದಿಂದ ನೋಡ್ತಿದ್ದೀನಿ ಕಣೇ. ಈ ಮನುಷ್ಯನಿಗೆ ಸ್ವಂತದ್ದು ಅಂತ ಒಂದು ಮಾತಿದೆಯೋ ಇಲ್ಲವೋ ಅಂತ. ನಿಮ್ಮಪ್ಪ ಹೋಗೋವಾಗಲೂ ಅದೇ ಚಿಂತೇಲಿ ಹೋದ್ರು." ಅವರ ಕಣ್ಣು ತುಂಬಿತು. "ಇದೆ! ಹೋಗಿ ಬನ್ನಿ ಅಳಿಯಂದ್ರೆ. ಈ ಫ್ಯಾನಾದ್ರೂ ತಗೊಂಡು ಹೋಗಿ."

"ಊಹೂಂ."

"ಭೇಷ್!" ಎಂದರು ಅತ್ತೆ. ಹಾಗೇ ಮೇಷ್ಟ್ರ ಕಡೆ ಕೈ ಬೀಸಿ, "ರೀ ಮೇಷ್ಟ್ರೇ, ಸುಮ್ನೆ ಕೈ ಬೀಸ್ಕೊಂಡು ಹೋಗ್ತಿದ್ದೀರಲ್ಲ, ಈ ಸೂಟ್‌ಕೇಸ್ ಹಿಡ್ಕೊಳ್ಳಿ!" ಎಂದರು. ಒಂದೇ ದಿನ ಎರಡನೇ ಆರ್ಡರು. ಮೇಷ್ಟ್ರು ಓಡಿ ಬಂದರು.

ಇನ್ನು ಉಳಿದವರು ಸಾಹೇಬರು. ಅವರು ಹೆಗಲಿಗೊಂದು ಚೀಲ ಹಾಕಿಕೊಂಡು, "ಕಿಟಕಿ ಪಕ್ಕ ನನಗೆ!" ಎಂದು ಕೂಗುತ್ತಲೇ ಬಂದರು. ರಾಯರು ಬಸ್ಸಿನ ಬಾಗಿಲಿಗೆ ಅಡ್ಡ ನಿಂತರು.

"ಊಹೂಂ, ಸಾಹೇಬ್ರೇ."

"ಏನಂದ್ರಿ? ನನಗೇ ಊಹೂಂ? ಹಾಗಾದ್ರೆ ನಿಮ್ಮ ರಜೆ ಕ್ಯಾನ್ಸಲ್!"

ರಾಯರು ಬಾಗಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದದ್ದು ನಿಜ. ಆದರೆ ಪಕ್ಕದಲ್ಲಿ ಮಗಳು ನಿಂತಿದ್ದಳು. ಬೋಳಿಸಿದ ಕಡೆಯಲ್ಲಿ ಆಗಲೇ ಮೃದುವಾದ ಕೂದಲು ಚಿಗುರಿತ್ತು, ಬಿಸಿಲಿಗೆ ಹೊಳೆಯುತ್ತಿತ್ತು. ಅದನ್ನು ನೋಡಿ ಅವರು ಹೇಳಿದರು, "ರಜೆ ಕೊಟ್ಟಿದ್ದು ನೀವಲ್ಲ, ನಿಮ್ಮ ಮೇಲಿನವರು. ರದ್ದು ಮಾಡಬೇಕಾದ್ರೂ ಅವರೇ ಮಾಡಬೇಕು. ಇನ್ನು ನಿಮ್ಮ ಮನೆ ವಿಷಯ. ಪಾತ್ರೆ ಎಸೀತಾರೆ ಅಂದ್ರೆ ಅವರಿಗೇನೋ ಹೇಳೋದಿದೆ ಅಂತ ಅರ್ಥ. ನನ್ನ ಹತ್ರ ಹೇಳೋದು ಬಿಟ್ಟು ಅವರ ಹತ್ರ ಹೋಗಿ ಕೇಳಿ."

ಸುತ್ತ ನಿಂತ ಜನ ತಿರುಗಿ ನೋಡಿದರು. ಇಷ್ಟುದ್ದದ ವಾಕ್ಯ ಹೂಂರಾಯರ ಬಾಯಿಂದ ಬಂದದ್ದನ್ನು ನಿಲ್ದಾಣದ ಯಾವ ಪೋರ್ಟರೂ ಕೇಳಿರಲಿಲ್ಲ. ಕಾಫಿ ಮಾರುವವನು ಕೆಟಲ್ ಕೆಳಗಿಟ್ಟ.

"ಮತ್ತೆ... ನಿಮ್ಮ ಕೌಂಟರ್‌ನಲ್ಲಿ ಕೂರೋರು ಯಾರು?" ಸಾಹೇಬರ ದನಿ ಇಳಿದಿತ್ತು.

"ನೀವು."

ಆ ಮಾತು ಕೇಳಿದ್ದೇ ತಡ, ಅಲ್ಲಿದ್ದ ಒಬ್ಬ ಹೆಂಗಸು ಸಾಹೇಬರ ತೋಳು ಹಿಡಿದುಕೊಂಡರು. "ನೀವೇನಾ ಸಾರ್ ಇವತ್ತು? ನನ್ನ ಛತ್ರಿ ಕಳೆದಿದ್ದು ಹೇಗೆ ಅಂದ್ರೆ, ನಮ್ಮ ನಾದಿನಿ ಆಗಿನ್ನೂ ಶಾಲೆಗೆ ಹೋಗ್ತಿದ್ಲು..."

ಪೋರ್ಟರುಗಳು ಚಪ್ಪಾಳೆ ತಟ್ಟಿದರು. ಯಾರೋ ಶಿಳ್ಳೆ ಹೊಡೆದರು. ನೋಡಿದರೆ ಎರಡೂ ಕೈಯಲ್ಲಿ ಸೂಟ್‌ಕೇಸ್ ಹಿಡಿದ ಮೇಷ್ಟ್ರು, ಹಲ್ಲಿನಲ್ಲಿ ಕಚ್ಚಿ ಊದುತ್ತಿದ್ದರು. ರಾಯರು ದಿಂಬನ್ನು ಬಹುಮಾನದಂತೆ ಎದೆಗೊತ್ತಿಕೊಂಡು ಬಸ್ಸು ಹತ್ತಿದರು. ಕಿಟಕಿಯ ಕೆಳಗೆ ಮಗಳು ಬಂದು ನಿಂತಳು.

"ಅಪ್ಪ, ನೀವು ಬರೋದ್ರೊಳಗೆ ಈ ಕಡೆನೂ ಬೋಳಿಸಿಬಿಡ್ಲಾ?"

"ಊಹೂಂ!"

ಮಗಳು ಕೈತಟ್ಟಿ ಕುಣಿದಳು. ಹೆಂಡತಿ ಸೆರಗಿನ ತುದಿಯಿಂದ ಕಣ್ಣೊರಸಿಕೊಂಡು ನಕ್ಕರು. ಬಸ್ಸು ಹೊರಟಿತು.

"ಎಷ್ಟು ಜನ?" ಎಂದು ಕೇಳಿದ ಕಂಡಕ್ಟರ್.

"ಒಬ್ಬನೇ!" ಎಂದು ರಾಯರು ಇಡೀ ಬಸ್ಸಿಗೆ ಕೇಳುವಂತೆ ಸಾರಿದರು. ಪಕ್ಕದ ಸೀಟಿನವನು ಗಂಟಲು ಸರಿಮಾಡಿಕೊಂಡು, "ನಾನೂ ಹಿಂದೆ ಒಬ್ಬನೇ ಓಡಾಡ್ತಿದ್ದೆ ನೋಡಿ, ಆಮೇಲೆ ಏನಾಯ್ತಂದ್ರೆ..." ಎಂದು ಶುರುಮಾಡಿದ. ರಾಯರು ಮುಗುಳ್ನಕ್ಕು, ಹೂವಿನಷ್ಟು ಹಗುರವಾಗಿ, "ಊಹೂಂ" ಎಂದರು. ಆತ ಬಾಯಿ ಮುಚ್ಚಿಕೊಂಡ. ಇಷ್ಟು ಸುಲಭವೇ! ರಾಯರಿಗೆ ಬಸ್ಸಿನಿಂದಿಳಿದು, ಜೀವನದಲ್ಲಿ ಇದುವರೆಗೆ ಎದುರಾದವರನ್ನೆಲ್ಲ ಒಬ್ಬೊಬ್ಬರಾಗಿ ಹುಡುಕಿ ಊಹೂಂ ಹೇಳಿ ಬರೋಣ ಎನಿಸಿತು.

ಗುಡ್ಡದ ಬುಡದಲ್ಲಿ ಇಳಿದಾಗ ಬಿಸಿಲು ಬಾಗಿತ್ತು. ಒಣಹುಲ್ಲಿನ ನಡುವೆ ಕಾಲುದಾರಿ. ಮೇಲೆ ಸುಣ್ಣ ಬಳಿದ ಸಾಲು ಕೋಣೆಗಳು, ಒಂದು ಕಬ್ಬಿಣದ ಗೇಟು. ಎಲ್ಲಾ ಬಾಗಿಲುಗಳಿಗೂ ಬೀಗ, ಒಂದನ್ನು ಬಿಟ್ಟು. ಎಲೆ ಅಲುಗುವ ಸದ್ದೂ ಇಲ್ಲ. ರಾಯರು ಗೇಟಿನ ಹೊರಗೆ ನಿಂತು ಆ ನಿಶ್ಶಬ್ದವನ್ನು ತಣ್ಣೀರಿನಂತೆ ಗುಟುಕರಿಸಿದರು.

ಒಳಗಿನಿಂದ ಕಾವಲುಗಾರ ಬಂದ. ತೆಳ್ಳನೆಯ ಆಳು, ನೆರೆತ ಗಡ್ಡ. ಒಂದು ಮಾತಿಲ್ಲ. ಕೈ ಮುಗಿದ, ಗೇಟು ತೆಗೆದ, ಚೀಲ ಎತ್ತಿಕೊಂಡ. ಕೋಣೆ ತೋರಿಸಿದ. ನೀರಿನ ಹೂಜಿ ತೋರಿಸಿದ. ರಾಯರಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಇಂಥ ಮನುಷ್ಯರೂ ಇದ್ದಾರಲ್ಲ ಭೂಮಿ ಮೇಲೆ!

ಅಂಗಳದ ನಡುವೆ ಒಂದು ಗಂಟೆ ತೂಗುತ್ತಿತ್ತು. ಪಕ್ಕದ ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ನಿಯಮ ಬರೆದಿತ್ತು. ಬಂದವರು ಗಂಟೆ ಬಾರಿಸಿದ ಕ್ಷಣದಿಂದ ಅವರ ಮೌನ ಶುರು. ಒಂದು ಮಾತು ಹೊರಬಿದ್ದರೂ, ತಲೆಯಾಡಿಸಿದರೂ, ಸನ್ನೆ ಮಾಡಿದರೂ ವ್ರತ ಮುರಿದಂತೆ. ಮುರಿದವರನ್ನು ಸಿಕ್ಕ ಮೊದಲ ಬಸ್ಸಿಗೆ ಹತ್ತಿಸಲಾಗುವುದು. ಅಂಥವರಿಗೆ ಮತ್ತೆಂದೂ ಇಲ್ಲಿ ಪ್ರವೇಶವಿಲ್ಲ.

ಕಾವಲುಗಾರ ಗಂಟೆಯ ಹಗ್ಗವನ್ನು ರಾಯರ ಕೈಗಿಟ್ಟು, ಯೋಚನೆ ಮಾಡಿ ಎನ್ನುವಂತೆ ಹುಬ್ಬು ಏರಿಸಿದ. ಯೋಚನೆ ಮಾಡುವುದೇನಿದೆ? ಗೆದ್ದ ರಾಜನಂತೆ ರಾಯರು ಹಗ್ಗ ಜಗ್ಗಿದರು. ಢಣ್ ಎಂಬ ನಾದ ಗುಡ್ಡದಿಂದ ಗುಡ್ಡಕ್ಕೆ ಹಬ್ಬಿ, ನಿಧಾನವಾಗಿ ಕರಗಿತು. ಅವರು ಜಗಲಿಯ ಮೇಲೆ ದಿಂಬು ಹಾಕಿ, ಕಾಲು ಮಡಚಿ ಕೂತು, ಕಣ್ಣು ಮುಚ್ಚಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಕಿವಿಯೊಳಗೆ ಗಾಳಿಯಾಡಿತು.

ಗೇಟಿಗೆ ಅಗುಳಿ ಬಿದ್ದ ಸದ್ದು. ಆಮೇಲೆ ಕುರ್ಚಿಯೊಂದನ್ನು ಎಳೆದು ತಂದ ಸದ್ದು. ಎಳೆತ ಹತ್ತಿರ ಹತ್ತಿರ ಬಂದು ಅವರ ಮುಂದೆಯೇ ನಿಂತಿತು.

"ಅಬ್ಬಬ್ಬಬ್ಬಾ!" ಎಂದಿತು ಒಂದು ದನಿ. "ಜೀವ ಬಂತು ಸಾರ್!"

ರಾಯರು ಕಣ್ಣು ತೆರೆದರು. ಕಾವಲುಗಾರ ಕುರ್ಚಿಯಲ್ಲಿ ಆರಾಮವಾಗಿ ಕೂತಿದ್ದ. ಅವನ ಮುಖದ ತುಂಬಾ ಹಬ್ಬ.

"ಗಂಟೆ ಹೊಡಿಯೋವರೆಗೆ ಬಂದೋರ ಹತ್ರ ನಾನು ಮಾತಾಡೋ ಹಾಗಿಲ್ಲ, ಅದು ನಮ್ಮ ಸಾಹೇಬರ ಕಟ್ಟಪ್ಪಣೆ. ಆಮೇಲೆ ಮೌನ ಇರೋದು ನಿಮಗೆ ಮಾತ್ರ ಸಾರ್, ನನಗಿಲ್ಲ. ಚಳಿಗಾಲದಲ್ಲಿ ಆಳುಗಳೆಲ್ಲ ಇರ್ತಾರೆ, ಒಬ್ರಿಗೊಬ್ರು ಮಾತಾಡ್ಕೋತೀವಿ. ಬೇಸಿಗೆ ಬಂತು ಅಂದ್ರೆ ಎಲ್ರೂ ಮನೆಗೆ ಹೋಗ್ಬಿಡ್ತಾರೆ. ಈ ಬಂಡೆಗಳ ಹತ್ರ ಎಷ್ಟೂಂತ ಮಾತಾಡ್ಲಿ? ಅವು ಬಿಸಿಲಿಗೆ ಸಿಡೀತಾವೆ."

ರಾಯರ ನಾಲಿಗೆಯ ತುದಿಗೆ, ಅಂದು ಹಗಲೆಲ್ಲ ಗೆದ್ದು ಬಂದ ಆ ಮಾತು ಓಡಿ ಬಂದು ನಿಂತಿತು. ಬಾಯಿ ತೆರೆಯಿತು.

"ಹುಷಾರ್ ಸಾರ್!" ಕಾವಲುಗಾರ ಗಾಬರಿಯಿಂದ ಕೈ ಅಡ್ಡ ಹಿಡಿದ. "ಬಾಯಿ ಬಿಟ್ರೆ ಬಸ್ಸು. ಹೋದ ಬೇಸಿಗೇಲಿ ಹೀಗೇ ಒಬ್ರು ಬಂದಿದ್ರು, ಒಳ್ಳೇ ಮನುಷ್ಯ. ಎರಡನೇ ದಿನಕ್ಕೆ 'ಸಾಕು ನಿಲ್ಸೋ ಮಾರಾಯ' ಅಂತ ಕೂಗಿಬಿಟ್ರು. ನನಗೆ ಕರುಳು ಕಿತ್ತು ಬಂತು. ಆದ್ರೇನ್ ಮಾಡೋದು, ನಿಯಮ ನಿಯಮಾನೇ. ನಾನೇ ಬಸ್ ಹತ್ತಿಸಿ ಬಂದೆ."

ರಾಯರು ಬಾಯಿ ಮುಚ್ಚಿದರು. ಕಣ್ಣೆದುರು ಬಸ್ ನಿಲ್ದಾಣ ಬಂತು. ಚಪ್ಪಾಳೆ ತಟ್ಟಿದ ಪೋರ್ಟರುಗಳು, ಕಣ್ಣು ತುಂಬಿಕೊಂಡ ಅತ್ತೆ, ಕೌಂಟರಿನಲ್ಲಿ ಹಲ್ಲು ಕಡಿಯುತ್ತಾ ಕೂತಿರುವ ಸಾಹೇಬರು. ಬೆಳಗಾಗುವುದರೊಳಗೆ ಅವರ ಮುಂದೆ ಹೋಗಿ ಇಳಿಯುವುದೇ? ಅವರು ಎದ್ದರು. ದಿಂಬು ಎತ್ತಿಕೊಂಡು ಜಗಲಿಯ ಆ ತುದಿಗೆ ನಡೆದರು. ಕಾವಲುಗಾರನೂ ಕುರ್ಚಿ ಎತ್ತಿಕೊಂಡು ಹಿಂದೆಯೇ ಬಂದ.

"ಅದೂ ಒಳ್ಳೇ ಜಾಗಾನೇ, ಗಾಳಿ ಚೆನ್ನಾಗಿ ಬರುತ್ತೆ. ಕೂತ್ಕೊಳ್ಳಿ. ನಿಮ್ಮ ಮುಖ ನೋಡಿದ ಕೂಡ್ಲೇ ನನಗೆ ಗೊತ್ತಾಯ್ತು ಸಾರ್, ಇವರು ಕೊನೇವರೆಗೂ ಇರೋರು ಅಂತ." ಅವನು ಕುರ್ಚಿಯನ್ನು ಇನ್ನೊಂದಿಷ್ಟು ಮುಂದಕ್ಕೆಳೆದು, ಕಾಲ ಮೇಲೆ ಕಾಲು ಹಾಕಿ, ದೂರದ ಬೆಟ್ಟಸಾಲಿನ ಕಡೆ ಒಮ್ಮೆ ತೃಪ್ತಿಯಿಂದ ನೋಡಿದ.

"ನಮ್ಮ ಮುತ್ತಾತನಿಂದ ಶುರು ಮಾಡ್ತೀನಿ, ಆಗ ನಿಮಗೆ ಎಲ್ಲಾ ಸರಿಯಾಗಿ ಅರ್ಥ ಆಗುತ್ತೆ. ಸಂಕೋಚ ಮಾತ್ರ ಮಾಡ್ಕೋಬೇಡಿ ಸಾರ್. ಬೇಜಾರಾದ್ರೆ ಬಾಯ್ಬಿಟ್ಟು ಒಂದು ಮಾತು ಹೇಳಿ, ಅಲ್ಲಿಗೇ ನಿಲ್ಲಿಸಿಬಿಡ್ತೀನಿ."